ಅಣ್ಣ ಹೇಳಿದ ಕಾಲಿನ ಕತೆ

“ನಿಮಗೆ ಮಕ್ಕಳೆಷ್ಟು ಅಂಕಲ್?” ಡಾಕ್ಟರ್ ಕೇಳಿದರು.

“ಇಬ್ಬರು ಗಂಡುಮಕ್ಕಳು. ಆದರೆ ಅವರಿಗೆ ಈ ಕಾಯಿಲೆಯ ಭಯ ಇಲ್ಲ ಡಾಕ್ಟ್ರೇ. ಅವರು ನನ್ನ ಹೆಂಡತಿಯ ಕುಟುಂಬದವರು.”

ಡಾಕ್ಟರ್ ಪೆನ್ನು ಕೆಳಗಿಟ್ಟರು. ಘಟ್ಟದ ಮೇಲಿನಿಂದ ಮಂಗಳೂರಿಗೆ ಹೊಸದಾಗಿ ಬಂದವರು, ಚಿಕ್ಕ ಪ್ರಾಯದ ಹೆಣ್ಣುಮಗಳು. “ನಿಮ್ಮ ಮನೆಯವರಿಗೆ ಇದು ಎರಡನೇ ಮದುವೆನಾ?” ಎಂದು ಮೆಲ್ಲಗೆ ವಿಚಾರಿಸಿದರು. ಪಕ್ಕದಲ್ಲಿ ಕೂತಿದ್ದ ನನ್ನ ತಂಗಿಯ ಮಗಳು ನಿಶ್ಮಿತಾ ಶಾಲನ್ನು ಬಾಯಿಗೆ ಒತ್ತಿಕೊಂಡು ನಗು ತಡೆದಳು.

ತಪ್ಪು ಡಾಕ್ಟರದ್ದಲ್ಲ. ನಮ್ಮದು ಅಳಿಯಸಂತಾನ. ಕುಟುಂಬ ಸಾಗುವುದು ತಾಯಿಯ ಕಡೆಯಿಂದ. ತಂಗಿಯ ಮಕ್ಕಳು ನಮ್ಮವರು, ನನ್ನ ಮಕ್ಕಳು ನನ್ನ ಹೆಂಡತಿಯ ಕಡೆಯವರು. (ಕಾನೂನು ಯಾವತ್ತೋ ಬದಲಾಯಿತು. ತಲೆ ಬದಲಾಗಬೇಕಲ್ಲ?) ಆಸ್ತಿ ಹೋದ ದಾರಿಯಲ್ಲೇ ಕಾಯಿಲೆಯೂ ಹೋಗುತ್ತದೆ ಎಂದು ನಾನು ನಂಬಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಓದಿದ್ದೆ ಅಂತ ಹೇಳಿಕೊಳ್ಳಲು ಈಗ ನಾಚಿಕೆ.

ನಿಶ್ಮಿತಾ ಎಲ್ಲ ಬಿಡಿಸಿ ಹೇಳಿದ ಮೇಲೆ ಡಾಕ್ಟರ್ ನಕ್ಕರು. “ಜೀನ್‌ಗೆ ಅಳಿಯಸಂತಾನ ಗೊತ್ತಿಲ್ಲ ಅಂಕಲ್. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ. ನಿಮ್ಮ ಮಕ್ಕಳ ಮೂಗು ಯಾರ ಹಾಗಿದೆ?”

ನನ್ನ ಹಾಗೆಯೇ. ಇಬ್ಬರದ್ದೂ.

ನಾವು ಅಲ್ಲಿಗೆ ಹೋದದ್ದು ತಂಗಿ ಜಲಜಳನ್ನು ತೋರಿಸಲು. ಕಾಟಿಪಳ್ಳದ ಅರ್ಧ ಹೆಂಗಸರು ಅವಳು ಹೊಲಿದ ರವಿಕೆ ತೊಟ್ಟವರೇ. ಕಳೆದ ಮಳೆಗಾಲದಲ್ಲಿ ಒಂದು ರವಿಕೆಗೆ ಎರಡೂ ಎಡಗೈಯ ತೋಳುಗಳನ್ನೇ ಹೊಲಿದಳು. ಮೊದಲು ತಾನೇ ನಕ್ಕಳು. ಬಿಚ್ಚಿ ಮತ್ತೆ ಹೊಲಿದಾಗಲೂ ಹಾಗೇ ಆಯಿತು. ಆಮೇಲೆ ನಗಲಿಲ್ಲ.

ನಮ್ಮ ಅಮ್ಮನಿಗೂ ಕೊನೆಗಾಲದಲ್ಲಿ ಹೀಗೇ ಆಗಿತ್ತು. ಆಗ ಅರಳು ಮರಳು ಅಂದು ಸುಮ್ಮನಾಗಿದ್ದೆವು. ಈಗ ಹಾಗಲ್ಲ. ಸ್ಕ್ಯಾನ್ ಆಯಿತು, ರಕ್ತ ನೋಡಿದರು. ಸ್ಪಷ್ಟವಾಗಬೇಕಾದರೆ ಬೆನ್ನುಹುರಿಯ ಸುತ್ತ ಇರುವ ನೀರನ್ನು ಸ್ವಲ್ಪ ತೆಗೆದು ನೋಡೋಣ ಎಂದು ಇದೇ ಡಾಕ್ಟರ್ ಆಗಲೇ ಹೇಳಿದ್ದರು.

ಆಗ ನಿಶ್ಮಿತಾಳಿಗೆ ಪಡೀಲಿನ ಹುಡುಗನ ಸಂಬಂಧ ಬಂದಿತ್ತು. ನಾನು ಸೋದರಮಾವ, ತುಳುವಿನಲ್ಲಿ ತಮ್ಮಲೆ. ಮದುವೆಯ ಮಾತಿಗೆ ಮುಂದೆ ಕೂರುವವನು. ತಾಯಿಗೆ ಅಲ್ಝೈಮರ್ ಅಂತ ಕಾಗದದ ಮೇಲೆ ಬಂದರೆ? ಮಗಳಿಗೂ ಬರುತ್ತದೆ ಅಂತ ಅವರು ಎದ್ದು ಹೋದರೆ? ಮದುವೆ ಮುಗಿಯಲಿ ಎಂದುಕೊಂಡೆ.

ಹಾಗಾಗಿ ತಂಗಿಗೆ ಒಂದು ಮಾತು ಹೇಳಿದೆ. “ಬೆನ್ನಿಂದ ನೀರು ತೆಗೆದ್ರೆ ಕಾಲು ಹೋಗ್ತದೆ ಮಾರಾಯ್ತಿ. ಹಾಗೆ ಮಲಗಿದಲ್ಲೇ ಆದವರನ್ನು ನಾನು ಕಣ್ಣಾರೆ ನೋಡಿದ್ದೇನೆ.”

ಯಾರನ್ನೂ ನೋಡಿರಲಿಲ್ಲ.

ಈ ಸಲ, ಮೂಗಿನ ಮಾತು ಮುಗಿದ ಮೇಲೆ, ಡಾಕ್ಟರ್ ಜಲಜಳ ಕಡೆ ತಿರುಗಿದರು. “ಅಮ್ಮಾ, ಆ ಟೆಸ್ಟ್ ಮಾಡೋಣವಾ?”

“ಬೇಡಪ್ಪ. ಕಾಲು ಹೋಗ್ತದೆ. ಅಣ್ಣ ನೋಡಿದ್ದಾನೆ.”

ಬೆಳಿಗ್ಗೆ ಎಂತ ತಿಂದದ್ದು ಅಂತ ನೆನಪಿಲ್ಲದವಳು. ನನ್ನ ಸುಳ್ಳು ಮಾತ್ರ ಅಕ್ಷರ ತಪ್ಪದೆ ನೆನಪುಂಟು!

ಮೂವರೂ ನನ್ನನ್ನೇ ನೋಡಿದರು. “ಇಲ್ಲ ಜಲಜ, ನಾನು ಸುಳ್ಳು ಹೇಳಿದ್ದು” ಅಂದೆ.

“ಹೋಗು! ಅಣ್ಣ ಸುಳ್ಳು ಹೇಳುವ ಜನ ಅಲ್ಲ” ಎಂದು ಅವಳು ಡಾಕ್ಟರಿಗೇ ನನ್ನ ಪರವಾಗಿ ವಾದಿಸಿದಳು. ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೆಂತ ಬೇಕು?

“ತಮ್ಮಲೆ, ಯಾಕೆ ಹೇಳಿದ್ದು?” ನಿಶ್ಮಿತಾಳ ಮುಖದಲ್ಲಿ ನಗು ಇರಲಿಲ್ಲ. “ನಿನ್ನ ಮದುವೆಗೋಸ್ಕರ” ಅಂದೆ. “ನನಗೆ ಅಮ್ಮ ಬೇಕಿತ್ತು” ಅಂದಳು. ಅಷ್ಟೇ.

ಜಲಜ ನಮ್ಮಿಬ್ಬರನ್ನೂ ನೋಡಿದಳು. ಏನು ಅರ್ಥವಾಯಿತೋ. “ಆಯ್ತು, ಮಾಡಿ. ಆದ್ರೆ ಅಣ್ಣ ಕೈ ಹಿಡ್ಕೊಳ್ಬೇಕು” ಅಂದಳು.

ಹಿಡಿದುಕೊಂಡೆ. ಮೊಣಕಾಲು ಮಡಚಿ ಮಗ್ಗುಲಾಗಿ ಮಲಗಿಸಿ, ಸೊಂಟದ ಹತ್ತಿರ ಮರಗಟ್ಟಿಸಿ, ತೆಳ್ಳಗಿನ ಸೂಜಿ ಹಾಕಿದರು. ಚಿಕ್ಕ ಸೀಸೆಯಲ್ಲಿ ತಿಳಿಯಾದ ನೀರು. ಇದಕ್ಕಾ ನಾನು ಇಷ್ಟು ಹೆದರಿಸಿದ್ದು? ಸ್ವಲ್ಪ ಹೊತ್ತು ಮಲಗಿದ್ದು ಎದ್ದವಳು ವರಾಂಡದಲ್ಲಿ ನಡೆಯುತ್ತಾ ಸೀರೆಯ ನೆರಿಗೆ ಚೂರು ಎತ್ತಿ ಕೂಗಿದಳು: “ಅಣ್ಣಾ, ನೋಡು, ಎರಡೂ ಉಂಟು!” ನರ್ಸುಗಳೆಲ್ಲ ತಿರುಗಿ ನೋಡಿದರು.

ವರದಿ ಬಂತು. ಮಿದುಳಿನಲ್ಲಿ ಒಂದು ಪ್ರೋಟೀನ್ ಅಂಟಿ ನಿಂತರೆ ಈ ನೀರಿನಲ್ಲಿ ಅದು ಕಡಿಮೆಯಾಗುತ್ತದಂತೆ. (ಮೇಲೆ ತೋಡಿಗೆ ಕಸ ಕಟ್ಟಿಕೊಂಡರೆ ಕೆಳಗೆ ನೀರು ಕಡಿಮೆ ಬಂದ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ.) ಮಿದುಳಿಗೆ ಪೆಟ್ಟಾಗುತ್ತಿದ್ದರೆ ಇನ್ನೊಂದು ಪ್ರೋಟೀನ್ ಹೆಚ್ಚಾಗುತ್ತದಂತೆ. ಜಲಜಳಿಗೆ ಎರಡೂ ಹಾಗೇ. ಅಲ್ಝೈಮರ್ ಹೌದು. ಆದರೆ ಇನ್ನೂ ಆರಂಭ. ಮಾತ್ರೆ ಶುರುವಾಗಿದೆ, ದಿನವೂ ವಾಕಿಂಗ್ ಉಂಟು. ವಾಸಿಯಾಗುವುದಿಲ್ಲ, ಆದರೆ ಒಳ್ಳೆಯ ದಿನಗಳು ಇನ್ನೂ ಬೇಕಾದಷ್ಟಿವೆ ಅಂದರು ಡಾಕ್ಟರ್.

ಮಕ್ಕಳಿಗೆ? ಜೀನ್ ಇದ್ದರೆ ಸಾಧ್ಯತೆ ಹೆಚ್ಚಬಹುದು, ಬಂದೇ ಬರುತ್ತದೆ ಅಂತಲ್ಲ. ಚಿಕ್ಕ ಪ್ರಾಯದಲ್ಲೇ ಹೆಚ್ಚುಕಡಿಮೆ ಖಂಡಿತ ಬರುವ ಮನೆತನಗಳು ತೀರಾ ಅಪರೂಪ, ನಮ್ಮದು ಅಂಥದ್ದರ ಹಾಗೆ ಕಾಣುವುದಿಲ್ಲವಂತೆ. ಬಿಪಿ, ಶುಗರ್ ನೋಡಿಕೊಳ್ಳಿ, ನಡೆಯಿರಿ ಅಂದರು. ಅದನ್ನು ನನ್ನ ಗಂಡುಮಕ್ಕಳಿಗೂ ಫೋನ್ ಮಾಡಿ ಹೇಳಿದೆ.

ಪಡೀಲಿನ ಹುಡುಗನಿಗೆ ನಿಶ್ಮಿತಾ ತಾನೇ ಹೇಳಿದಳು. ಅವನು ತಲೆ ಕೆರೆದುಕೊಂಡು, “ನನ್ನ ಅಪ್ಪನಿಗೆ ಹಾರ್ಟ್ ಆಪರೇಷನ್ ಆದದ್ದನ್ನು ನಾವೂ ಹೇಳಿರಲಿಲ್ಲ” ಅಂದನಂತೆ. ಅಲ್ಲಿಯೂ ಒಬ್ಬ ತಮ್ಮಲೆ ಇರಬೇಕು!

ಈಗ ಜಲಜ ಮಗಳ ಮದುವೆಯ ರವಿಕೆ ಹೊಲಿಯುತ್ತಿದ್ದಾಳೆ. ನಿಶ್ಮಿತಾ ಬಟ್ಟೆಯ ಮೇಲೆ ಚಾಕ್‌ನಲ್ಲಿ ಎಡ, ಬಲ ಅಂತ ಬರೆದುಕೊಡುತ್ತಾಳೆ. ತೋಳು ಸರಿಯಾಗಿ ಕೂತಿದೆ. ನಿನ್ನೆ ಹೋದಾಗ ಜಲಜಳ ಹತ್ತಿರ ಕ್ಷಮೆ ಕೇಳಿದೆ. “ಯಾವುದಕ್ಕೆ ಅಣ್ಣ?” ಅಂದಳು.

ಅವಳು ಮರೆತುಬಿಟ್ಟಳು ಅಂದ ಮಾತ್ರಕ್ಕೆ ನಾನೂ ಮರೆಯಬಹುದೇ?