ಅಪ್ಪ ಎತ್ತಿದ ಭಾರ

ಸೂರತ್ತಿನ ಉಧ್ನಾದಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ಅಪ್ಪ, ಪೋಲಿಯೊದಿಂದ ಕಾಲು ಸೋತ ನನ್ನನ್ನು ಎತ್ತಿಕೊಂಡೇ ಬೆಳೆಸಿದವರು. ನಾನು ಭಾರ ಎತ್ತುವುದನ್ನು ಅವರು ಮೊದಲ ಸಲ ನೋಡಿದ್ದು, ೨೦೦೧ರ ದೊಡ್ಡ ಭೂಕಂಪವಾಗಿ ಎರಡು ವರ್ಷಕ್ಕೆ, ವಡೋದರಾದ ಸ್ಪರ್ಧೆಯಲ್ಲಿ. ನಮ್ಮ ಆಟದಲ್ಲಿ ಬೆಂಚಿನ ಮೇಲೆ ಮಲಗಿ, ಕಬ್ಬಿಣದ ಸರಳನ್ನು ಎದೆಗಿಳಿಸಿ, ಅಲ್ಲಿ ಕ್ಷಣಕಾಲ ನಿಲ್ಲಿಸಿಯೇ ಮೇಲೆತ್ತಬೇಕು. ನಾನು ನಿಲ್ಲಿಸಿದೆ. ಅಪ್ಪ ಪ್ರೇಕ್ಷಕರ ನಡುವಿನಿಂದ ಓಡಿಬಂದು ಸರಳಿಗೆ ಕೈ ಹಾಕಿಯೇಬಿಟ್ಟರು! ಬೇರೆಯವರ ಕೈ ತಾಗಿದರೆ ಆ ಪ್ರಯತ್ನ ಲೆಕ್ಕಕ್ಕಿಲ್ಲ. ಕೆಂಪು ದೀಪ ಹತ್ತಿತು.

"ಎಂಥದಪ್ಪಾ ಇದು!" ಎಂದು ರೇಗಿದೆ.

"ಮಗಳು ಸರಳಿನ ಅಡಿಗೆ ಸಿಕ್ಕಿಬಿದ್ರೆ ನೋಡಿಕೊಂಡು ಕೂತ್ಕೊಳ್ಳುದಾ ಮಾರಾಯ್ತಿ?" ಎಂದರು ಅಪ್ಪ, ಏದುಸಿರು ಬಿಡುತ್ತ.

ಮುಂದಿನ ಸರದಿಗೆ ಕೋಚ್ ಎಂದಿನಂತೆ ನನ್ನ ಕಾಲುಗಳನ್ನು ಬೆಲ್ಟಿನಿಂದ ಬೆಂಚಿಗೆ ಬಿಗಿಯತೊಡಗಿದರು.

"ಇನ್ನೊಂದು ಬೆಲ್ಟ್ ತನ್ನಿ," ಎಂದೆ. "ಮೊದಲು ಅಪ್ಪನನ್ನು ಕುರ್ಚಿಗೆ ಕಟ್ಟಿ."