ಹೀಟರ್ ತೊಳೆಸುವುದೋ ಬಿಡುವುದೋ

ಗಲ್ಫಿನ ಅಲ್ ಬರ್ಷಾದ ನಮ್ಮ ಫ್ಲಾಟಿನಲ್ಲಿ ಆ ವರ್ಷ ಬಚ್ಚಲಿನ ಬಿಸಿನೀರಿನ ನಲ್ಲಿ ತಿರುಗಿಸಿದರೆ ಚಹಾ ಬರತೊಡಗಿತು. ಮೊದಮೊದಲು ಹಾಲಿಲ್ಲದ ಸುಲೈಮಾನಿಯ ಬಣ್ಣ, ವಾರ ಕಳೆಯುವಷ್ಟರಲ್ಲಿ ಹಾಲು ಹಾಕಿ ಕುದಿಸಿದ ಹೊಟೇಲಿನ ಕರಕ್. ಊರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ, ಅಂದರೆ ನನ್ನ ಹೆಂಡತಿಯ ಅಮ್ಮ, ಯಾರಿಗೂ ಹೇಳದೆ ಅದರಲ್ಲೇ ಸ್ನಾನ ಮಾಡುತ್ತಿದ್ದರು. ಈ ದೇಶದ ನೀರೇ ಹೀಗೆ ಎಂದುಕೊಂಡಿದ್ದರಂತೆ. ಅವರ ಬಿಳಿ ಟವೆಲ್ ಕಂದಾದ ಮೇಲೆ ವಿಷಯ ಹೊರಬಿತ್ತು.

ಹೀಟರ್ ಇದ್ದದ್ದು ಬಚ್ಚಲಿನ ಫಾಲ್ಸ್ ಸೀಲಿಂಗಿನ ಮೇಲೆ. ಅಷ್ಟು ವರ್ಷ ಆ ಮನೆಯಲ್ಲಿದ್ದರೂ ನಾನು ಅದರ ಮುಖ ನೋಡಿರಲಿಲ್ಲ. ಬಿಲ್ಡಿಂಗಿನ ರಿಪೇರಿ ನೋಡಿಕೊಳ್ಳುವ ಮಲಯಾಳಿ ಏಣಿ ಹತ್ತಿ, ಮುಚ್ಚಳ ಸರಿಸಿ, ಅದರ ಹೊಟ್ಟೆಗೆ ಸ್ಕ್ರೂಡ್ರೈವರಿನಿಂದ ತಟ್ಟಿ, ಒಳಗೆ ತುಕ್ಕೂ ಕೆಸರೂ ತುಂಬಿದೆ ಎಂದು ಹಿಂದಿಯಲ್ಲಿ ಹೇಳಿದ. ನೀರೆಲ್ಲ ಬಸಿದು ಫ್ಲಶ್ ಮಾಡಬಹುದು. ಆದರೆ ಹೀಟರ್ ಹಳೆಯದು, ಆ ಕೆಸರೇ ತೂತುಗಳನ್ನು ಮುಚ್ಚಿ ಹಿಡಿದಿದ್ದರೂ ಇರಬಹುದು, ತೊಳೆದರೆ ಸೋರಲೂಬಹುದು. ಏನು ಮಾಡಲಿ ಎಂದು ನಮ್ಮನ್ನೇ ಕೇಳಿ ಏಣಿ ಇಳಿದ.

ನಾನು ಬೇಡ ಎನ್ನುವ ಪಕ್ಷ. ಇನ್ನೇನು ಸೆಕೆ ಶುರುವಾಗುತ್ತದೆ, ಟೆರೇಸಿನ ಟ್ಯಾಂಕಿಯ ನೀರೇ ಕುದಿಯುತ್ತದೆ, ಆಗ ಹೀಟರ್ ಯಾರಿಗೆ ಬೇಕು ಎಂದು ವಾದಿಸಿದೆ. ಹೆಂಡತಿ ಒಪ್ಪಲಿಲ್ಲ. ಇಲ್ಲಿ ಎಲ್ಲರೂ ಮಾಡುವಂತೆ ನಾವೂ ಬೇಸಿಗೆಯಲ್ಲಿ ಹೀಟರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರನ್ನೇ ಸ್ನಾನಕ್ಕೆ ಬಳಸುತ್ತಿದ್ದೆವು.

"ಈಗ ಬಿಸಿ ಕೆಸರು, ಆಗ ತಣ್ಣನೆ ಕೆಸರು. ಅಷ್ಟೇ ಅಲ್ವಾ ವ್ಯತ್ಯಾಸ?" ಎಂದಳು.

ಅತ್ತೆ ನನಗೆ ಹೇಳಬೇಕಾದದ್ದನ್ನು ಯಾವಾಗಲೂ ಮಗಳಿಗೇ ಹೇಳುವವರು. "ಅದನ್ನು ಕೆಳಗೆ ಇಳಿಸ್ಲಿಕ್ಕೆ ಹೇಳು ಇವರಿಗೆ. ಹುಣಸೆಹುಳಿ ಹಾಕಿ ನಾನೇ ತಿಕ್ಕಿ ಕೊಡ್ತೇನೆ, ಊರಲ್ಲಿ ಹಂಡೆ ತಿಕ್ಕುದಿಲ್ವಾ" ಎಂದರು. ಹೀಟರಿಗೆ ಕೈ ಹೋಗುವಂಥ ಬಾಯಿಯೇ ಇಲ್ಲ ಎಂದು ಅವರಿಗೆ ಅರ್ಥ ಮಾಡಿಸುವುದರಲ್ಲಿ ಒಂದು ಸಂಜೆ ಕಳೆಯಿತು.

ದೇರಾದಲ್ಲಿ ಮಸಾಲೆ ವ್ಯಾಪಾರ ಮಾಡುವ, ಎದುರು ಫ್ಲಾಟಿನ ಬ್ಯಾರಿ ಗೆಳೆಯರು ನನ್ನ ಕಡೆ ಸೇರಿದರು. "ಅದನ್ನು ಮುಟ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ನನ್ನ ಭಾವ ತೊಳೆಸಿದ್ದ. ಮರುದಿನ ಕೆಳಗಿನ ಮನೆಯವರು ಕೊಡೆ ಹಿಡ್ಕೊಂಡು ಮೇಲೆ ಬಂದಿದ್ದಾರೆ." ಗೆದ್ದೆನೆಂಬ ಖುಷಿಯಲ್ಲಿ ನಾನೇ ಅವರಿಗೆ ಚಹಾ ಮಾಡಿಕೊಟ್ಟೆ. ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಯಾವ ನೀರಿನದ್ದು ಎಂದು ವಿಚಾರಿಸಿಕೊಂಡೇ ಕುಡಿದರು.

ನನ್ನ ಗೆಲುವು ಮರುದಿನದವರೆಗೆ ಮಾತ್ರ. ಹೆಂಡತಿ ಕಟ್ಟಡದ ಮಾಲೀಕರ ಆಫೀಸಿಗೆ ಫೋನ್ ಮಾಡಿದಳು. ಬೇಕಾದರೆ ತೊಳೆಸಿಕೊಳ್ಳಿ, ಸೋರಿದರೆ ಮಾತ್ರ ಹೊಸದು ಹಾಕಿಸುತ್ತೇವೆ, ಸೋರದ ಹೀಟರ್ ಬದಲಾಯಿಸುವುದಿಲ್ಲ ಎಂದರಂತೆ. ಫೋನ್ ಇಟ್ಟವಳ ಮುಖ ಅರಳಿತ್ತು.

"ತೊಳೆಸುವ. ಸೋರದಿದ್ರೆ ಒಳ್ಳೆ ನೀರು, ಸೋರಿದ್ರೆ ಹೊಸ ಹೀಟರ್."

ಮಲಯಾಳಿಗೆ ನಾನೇ ಫೋನ್ ಮಾಡಿದೆ.

ಶನಿವಾರ ಮಲಯಾಳಿ ಬಂದು ಹೀಟರಿನಿಂದ ಬಚ್ಚಲಿನ ತೂಬಿಗೆ ಪೈಪು ಇಳಿಬಿಟ್ಟ. ಮೊದಲು ಕಪ್ಪು ನೀರು, ಆಮೇಲೆ ಹಂಚಿನ ಕೆಂಪು, ನಡುನಡುವೆ ತುಕ್ಕಿನ ಚಕ್ಕೆಗಳು. ಅತ್ತೆ ಬಾಗಿಲಲ್ಲೇ ನಿಂತು, ಅಡುಗೆಮನೆಯಲ್ಲಿದ್ದ ಮಗಳಿಗೆ ಬಣ್ಣ ಬದಲಾದಾಗಲೆಲ್ಲ ವರದಿ ಒಪ್ಪಿಸಿದರು. ತುಂಬಿಸಿ, ಬಸಿದು, ಮತ್ತೆ ತುಂಬಿಸಿ, ಕೊನೆಗೆ ನೀರು ತಿಳಿಯಾದಾಗ ಅವನು "ಖಲಾಸ್" ಎಂದು ಅದೇ ನೀರಿನಲ್ಲಿ ಕೈ ತೊಳೆದುಕೊಂಡ.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಹೆಂಡತಿ ಹೀಟರಿನ ಕೆಳಗೆ ಮನೆಯ ಅತಿ ದೊಡ್ಡ ಬಕೆಟ್ ಇಟ್ಟಳು. ಅತ್ತೆ ಬಚ್ಚಲಿನೆದುರು ಕುರ್ಚಿ ಹಾಕಿಕೊಂಡು, ಬೀನ್ಸ್ ನಾರು ತೆಗೆಯುತ್ತ, ಆಗಾಗ ಸೀಲಿಂಗ್ ನೋಡುತ್ತ ಕೂತರು. ಎದುರು ಮನೆಯ ಗೆಳೆಯರೂ ಬಂದು ಕಿವಿಗೊಟ್ಟು ನಿಂತು ಹೋದರು. ಊಟದ ಹೊತ್ತಿಗೆ ಹೆಂಡತಿ ಹೊಸ ಹೀಟರುಗಳ ಫೋಟೊಗಳನ್ನು ನನ್ನ ಫೋನಿಗೆ ಕಳಿಸತೊಡಗಿದ್ದಳು. ಅದರಲ್ಲೊಂದು, ಮೈಮೇಲೆ ನೀಲಿ ದೀಪವಿದ್ದದ್ದು, ನನಗೂ ಹಿಡಿಸಿತು. ಬೇಡ ಬೇಡ ಎಂದಿದ್ದ ನಾನೇ ಒಂದು ಹನಿ ಬಿದ್ದರಾಗುತ್ತಿತ್ತು ಎಂದು ಒಳಗೊಳಗೇ ಆಸೆಪಟ್ಟೆ.

ಸಂಜೆ ಹೆಂಡತಿ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಒತ್ತಿ ನೋಡಿದಳು. ಒದ್ದೆಯಾಗದ ಕೈಯನ್ನು ನನಗೆ ತೋರಿಸಿದಳು. ಭಾನುವಾರವೂ ಸೋರಲಿಲ್ಲ. ಮುಂದಿನ ವಾರ ಬಕೆಟ್ ಸದ್ದಿಲ್ಲದೆ ಬಟ್ಟೆ ನೆನೆಹಾಕುವ ಕೆಲಸಕ್ಕೆ ಮರಳಿತು.

ಸೆಕೆ ಜೋರಾದ ಮೇಲೆ ಹೀಟರ್ ಆಫ್ ಮಾಡಿದೆವು. ಆಫೀಸಿನಿಂದ ಬೆಂದು ಬಂದ ಒಂದು ದಿನ ತಂಪು ನೀರಿನಲ್ಲಿ ಮನಸಾರೆ ಮಿಂದು ಹೊರಬಂದವನು, ತೊಳೆಸಿದ್ದು ಒಳ್ಳೆಯದೇ ಆಯಿತು ಎಂದು ಹೆಂಡತಿಯೆದುರು ಒಪ್ಪಿಕೊಂಡೆ.

"ಒಳ್ಳೆಯದೇ," ಎಂದಳು ಅವಳು, "ಆದ್ರೂ ಸ್ವಲ್ಪ ಸೋರ್ಬಹುದಿತ್ತು."