ಉಸಿರು ನೋಡುವ ಪುತಳಾಬಾಯಿ

ಹೀರಾಬಾಯಿ ಹಲಬರ್ಗಾಕ್ಕೆ ಸೊಸೆಯಾಗಿ ಬಂದ ದಿನ ಅತ್ತೆ ಪುತಳಾಬಾಯಿ ಆರತಿ ಮುಗಿಸಿ, ಅದೇ ದೀಪ ಹಿಡಿದು ನಡುಹಗಲಿನಲ್ಲಿ ಅಡುಗೆಮನೆಗೆ ತಾನೇ ಮೊದಲು ಹೋಗಿ, ಅದು ಆರಲಿಲ್ಲವೆಂದು ಖಾತ್ರಿಯಾದ ಮೇಲೆ "ಈಗ ಬಾರವ್ವ" ಎಂದಳು. ಕೆಟ್ಟ ಗಾಳಿ ತುಂಬಿದ್ದಲ್ಲಿ ದೀಪ ಆರುತ್ತದೆ ಎಂಬುದು ನೆಲದಡಿಯ ಕಾಳಿನ ಹಗೇವಿಗೆ ಇಳಿಯುವವರೆಲ್ಲ ಬಲ್ಲ ಮಾತು. ಪುತಳಾಬಾಯಿ ಮಾತ್ರ ದೇವರಕೋಣೆಯನ್ನೂ ಬಚ್ಚಲನ್ನೂ ಬಿಡುತ್ತಿರಲಿಲ್ಲ. ಭಾಲ್ಕಿಯಲ್ಲಿ ಬಸ್ಸಿನೊಳಗೆ ಕಂದೀಲು ಚಾಚಿದರೆ ಕಂಡಕ್ಟರ್, "ಆಯಿ, ಸೂರ್ಯ ಇನ್ನೂ ಅದಾನ, ಹತ್ತರಿ," ಎನ್ನುತ್ತಿದ್ದ. ಉಂಡು ಅಡ್ಡಾದ ಬೀಗರ ಮೂಗಿನ ಬಳಿ ಬೆರಳು ಹಿಡಿದು, "ಇದ್ದೀರೇನ್ರಿ?" ಎಂದು ಕೇಳುತ್ತಿದ್ದಳು. "ಇದ್ದೇನ್ರಿ, ನೀವು ಮಲಗಗೊಟ್ಟರ ಇನ್ನೂ ನಾಕು ದಿನ ಇರ್ತೇನಿ," ಎಂದು ಬೀಗರು ಗೊಣಗಿದರೆ ಮನೆಮಂದಿಯೆಲ್ಲ ನಗುತ್ತಿದ್ದರು. ಹೀರಾಬಾಯಿಯೂ ನಕ್ಕಳು, ಗಂಡ ಆ ಸಂಗತಿ ಹೇಳುವ ತನಕ. ಪೊಲೀಸ್ ಆಕ್ಷನ್ನಿನ ವರ್ಷ ನಿಜಾಮನ ಕಡೆಯ ರಜಾಕಾರರು ಪುತಳಾಬಾಯಿಯ ತಮ್ಮ ಧೊಂಡಿಬಾನನ್ನು ಹುಡುಕಿಕೊಂಡು ಬಂದು ಬಾಗಿಲು ಬಡಿದಾಗ, ಅವಳು ತಿಂಗಳುಗಟ್ಟಲೆ ಮುಚ್ಚಿದ್ದ ಹಗೇವಿಗೆ ಅವನನ್ನು ಇಳಿಸಿ ಅದರ ಬಾಯಿಗೆ ಕಲ್ಲು ಎಳೆದಿದ್ದಳು. ಬಂದವರು ಬರಿಗೈಲಿ ಹೋದರು. ಕಲ್ಲು ಸರಿಸಿದಾಗ ತಮ್ಮ ಗೋಡೆಗೆ ಒರಗಿ ಕೂತಲ್ಲೇ ಜೀವ ಬಿಟ್ಟಿದ್ದ. ಇದನ್ನು ಕೇಳಿದ ಮರುದಿನದಿಂದ ಹೀರಾಬಾಯಿ ಅತ್ತೆಗಿಂತ ಮೊದಲೇ ಎದ್ದು ಬತ್ತಿ ಹೊಸೆದಿಡುತ್ತಿದ್ದಳು. ಧೊಂಡಿಬಾನ ಮಾತು ಇಬ್ಬರೂ ಎಂದೂ ಎತ್ತಲಿಲ್ಲ. ಸಾಯುವ ದಿನ ಮಾತ್ರ ಪುತಳಾಬಾಯಿ ಸೊಸೆಯ ಕೈ ಹಿಡಿದು ಕೇಳಿದಳು: "ಖರೆ ಹೇಳು ಹೀರಾ, ಅವರು ಬಾಗಿಲ ಬಡೀಲಾಕ ಹತ್ತಿದಾಗ ನನ್ನ ಜಾಗಾದಾಗ ನೀ ಇದ್ದಿದ್ರ, ಮೊದಲ ಹಗೇವಿನಾಗ ದೀಪ ಇಳಿಬಿಟ್ಟು ನೋಡ್ತಿದ್ದಿಯೇನು?"